ಉತ್ತರಕ್ಕೆ ಹರಿಯುವ ಹೊಳೆ

ಮಗಳ ಬಾಣಂತನಕ್ಕೆಂದು ನಾನು ಕೆನಡಾ ದೇಶದ ವಿನಿಪೆಗ್ ಊರಿಗೆ ಹೋದದ್ದು 2022ರ ಮಾರ್ಚ್ ತಿಂಗಳಲ್ಲಿ. ಅಳವಿ, ಅಂಟು, ಒಣಶುಂಠಿ, ಲೋಬಾನದ ಹರಳು ಎಲ್ಲವನ್ನೂ ಗಂಟು ಕಟ್ಟಿಕೊಂಡು ಹೋಗಿದ್ದೆ. ಅಲ್ಲಿಯ ಮನೆಗಳಲ್ಲಿ ಲೋಬಾನ ಹಾಕುವ ಹಾಗಿಲ್ಲವೆಂಬುದು ಹೋದ ಮೇಲೆ ಗೊತ್ತಾಯಿತು. ಒಂದು ಚಿಟಿಕೆ ಕೆಂಡದ ಮೇಲೆ ಉದುರಿಸುವುದರೊಳಗೆ ಮಾಡಿಗೆ ಅಂಟಿಸಿದ್ದ ಹೊಗೆಯ ಗಂಟೆ ಕಿವಿ ಕಿತ್ತುಹೋಗುವ ಹಾಗೆ ಕೂಗಿಕೊಂಡಿತು. ಅಳಿಯ ಕುರ್ಚಿ ಹತ್ತಿ ಅದರ ಬಾಯಿ ಮುಚ್ಚಿಸಿದ. ಲೋಬಾನದ ಗಂಟು ಅಂದೇ ಪೆಟ್ಟಿಗೆ ಸೇರಿತು.

ಬಾಣಂತನಕ್ಕೆ ಹೋದವಳಿಗೆ ಹೊಳೆಯ ಗೊಡವೆ ಯಾಕೆ ಎಂದು ನೀವು ಕೇಳಬಹುದು. ಗೊಡವೆ ಬಂದದ್ದು ಒಂದು ಮನೆಯಿಂದ. ಮಗಳು ಅಳಿಯ ಬಾಡಿಗೆ ಮನೆಯಲ್ಲಿದ್ದರು, ಸ್ವಂತದ್ದೊಂದು ಹುಡುಕುತ್ತಿದ್ದರು. ಊರಿಂದ ದಕ್ಷಿಣಕ್ಕೆ, ಪೇಟೆಯ ಗದ್ದಲ ಮುಗಿದ ಮೇಲೆ, ರೆಡ್ ರಿವರ್ ಎಂಬ ಹೊಳೆಯ ದಂಡೆಗೆ ಒಂದು ಮನೆ ಸಿಕ್ಕಿತ್ತು. ಕಿಟಕಿ ತೆರೆದರೆ ಹೊಳೆ, ಹಿತ್ತಲಲ್ಲಿ ನಾಲ್ಕು ಸೇಬಿನ ಗಿಡ. ಊರೊಳಗಿನ ಮನೆಗಿಂತ ಅಗ್ಗ. ಮಗಳು ಫೋಟೋ ತೋರಿಸುತ್ತ, "ಅವ್ವಾ, ನಿನ್ನ ತವರುಮನಿ ಹಂಗ ಐತಿ ನೋಡು, ಹೊಳಿ ಬಾಜೂಕ" ಎಂದಳು. ನನಗೆ ಎದೆ ಧಸಕ್ಕೆಂದಿತು.

ಅವಳು ಅಂದದ್ದು ಸುಳ್ಳಲ್ಲ. ನನ್ನ ತವರು ಮಲಪ್ರಭೆಯ ದಂಡೆಯ ಒಂದು ಹಳ್ಳಿ. ಹೊಳೆ ಎಷ್ಟು ಬಂದರೂ ಹನುಮಪ್ಪನ ಕಟ್ಟೆ ದಾಟುವುದಿಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ನಮ್ಮವ್ವನೂ ಅದನ್ನೇ ಹೇಳಿದಳು. 2019ರ ಆಗಸ್ಟಿನಲ್ಲಿ ಹೊಳೆ ಕಟ್ಟೆ ದಾಟಿತು, ಹನುಮಪ್ಪನ ಮುಡಿಯನ್ನೂ ದಾಟಿತು. ಮಣ್ಣಿನ ಗೋಡೆಯ ನಮ್ಮ ಮನೆ ಒಂದು ರಾತ್ರಿಯಲ್ಲಿ ಕುಸಿದು ಕುಳಿತಿತು. ನೀರು ಇಳಿದ ಮೇಲೆ ಅಣ್ಣ ಕೆಸರಿನಿಂದ ಹಂಡೆ, ಪರಾತ, ಒಂದು ಒನಕೆ ಎತ್ತಿ ತಂದ. ನಮ್ಮವ್ವನ ಒಂದೇ ಒಂದು ಫೋಟೋ ಇತ್ತು, ಗೋಡೆಗೆ ತೂಗುಹಾಕಿದ್ದು. ಅದು ಸಿಗಲಿಲ್ಲ. ಈಗ ಅವ್ವನ ಮುಖ ನೆನೆಯಬೇಕೆಂದರೆ ಕನ್ನಡಿ ನೋಡಿಕೊಳ್ಳುತ್ತೇನೆ. ಮೂಗು ಅವಳದೇ.

ಹಾಗೆಂದು ಬಸುರಿ ಮಗಳ ಮುಂದೆ ಅಪಶಕುನ ನುಡಿಯಲಾದೀತೆ? "ಛಲೋ ಐತಿ" ಎಂದು ಸುಮ್ಮನಾದೆ. ಆದರೆ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಹೇಳಿದ ಚಾಳಿ ಎಲ್ಲಿ ಹೋದೀತು? ಕೂಸು ಹುಟ್ಟುವ ಮೊದಲು ಕೈಯಲ್ಲಿ ಬೇಕಾದಷ್ಟು ಹೊತ್ತಿತ್ತು. ಓಣಿಯ ಕೊನೆಗಿದ್ದ ಲೈಬ್ರರಿಗೆ ಹೋಗಿ ಆ ಹೊಳೆಯ ಜಾತಕ ತೆಗೆಯತೊಡಗಿದೆ.

ಮೊದಲ ಮಾತು, ಈ ಹೊಳೆ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ಅದರಲ್ಲೇನು ವಿಶೇಷ, ನೈಲ್ ಹರಿಯುವುದಿಲ್ಲವೆ ಎಂದೀರಿ. ನೈಲ್ ನದಿಯ ದಾರಿಯಲ್ಲಿ ಮಂಜುಗಡ್ಡೆಯಿಲ್ಲ! ರೆಡ್ ರಿವರ್ ಹುಟ್ಟುವುದು ಅಮೆರಿಕದಲ್ಲಿ. ನಾರ್ತ್ ಡಕೋಟಾ, ಮಿನೆಸೋಟಾ ರಾಜ್ಯಗಳ ನಡುವೆ ಗಡಿಯಾಗಿ ಹರಿದು, ಫಾರ್ಗೊ, ಗ್ರ್ಯಾಂಡ್ ಫೋರ್ಕ್ಸ್ ಊರುಗಳನ್ನು ಹಾಯ್ದು, ಕೆನಡಾದ ಮ್ಯಾನಿಟೋಬಾ ಪ್ರಾಂತಕ್ಕೆ ಬಂದು, ವಿನಿಪೆಗ್ ದಾಟಿ, ಅದೇ ಹೆಸರಿನ ದೊಡ್ಡ ಸರೋವರ ಸೇರುತ್ತದೆ. ಒಟ್ಟು ಸುಮಾರು 885 ಕಿಲೋಮೀಟರ್. ಚಳಿಗಾಲದಲ್ಲಿ ಇಡೀ ಹೊಳೆ ಕಲ್ಲಾಗುತ್ತದೆ. ವಸಂತ ಬಂದಾಗ ಮೊದಲು ಕರಗುವುದು ದಕ್ಷಿಣದ ಹಿಮ. ಆ ನೀರು ಉತ್ತರಕ್ಕೆ ಓಡಿ ಬಂದರೆ ಇಲ್ಲಿ ಹೊಳೆ ಇನ್ನೂ ಹೆಪ್ಪುಗಟ್ಟಿಯೇ ಇರುತ್ತದೆ. ಮನೆಗೆ ನೆಂಟರು ಬಂದು ನಿಂತಿದ್ದಾರೆ, ಒಳಗೆ ಬಾಗಿಲಿಗೆ ಅಗಳಿ ಹಾಕಿದೆ. ಏನು ಮಾಡಬೇಕು? ಅಂಗಳದ ತುಂಬ ಹರಡಿಕೊಳ್ಳುತ್ತಾರೆ.

ಅಂಗಳವೋ, ಅಂಥಿಂಥ ಅಂಗಳವಲ್ಲ. ಆ ಸೀಮೆಯನ್ನು ಪ್ರೇರಿ ಎನ್ನುತ್ತಾರೆ. ಒಂದು ಕಾಲಕ್ಕೆ ಬರೀ ಹುಲ್ಲು, ಈಗ ಗೋದಿ, ಕನೋಲ. ನಮ್ಮ ನವಲಗುಂದದ ಎರೆಹೊಲ ನೋಡಿದವರಿಗೆ ಸ್ವಲ್ಪ ಕಲ್ಪನೆ ಬಂದೀತು, ಆದರೆ ನವಲಗುಂದಕ್ಕೆ ಒಂದು ಗುಡ್ಡವಾದರೂ ಇದೆ. ಇಲ್ಲಿ ಅದೂ ಇಲ್ಲ. ಸಾವಿರಾರು ವರ್ಷಗಳ ಹಿಂದೆ ಹಿಮಯುಗ ಮುಗಿಯುವಾಗ ಕರಗಿದ ನೀರು ನಿಂತು ದೊಡ್ಡ ಸರೋವರವಾಗಿತ್ತಂತೆ. ಈಗ ಅದಕ್ಕೆ ಅಗಾಸಿ ಸರೋವರ ಎಂಬ ಹೆಸರು. ಆ ಸರೋವರದ ತಳವೇ ಈ ಬಯಲು. ಹೊಳೆ ಒಂದು ಮೈಲಿ ಹರಿದರೆ ಒಂದು ಅಡಿ ಇಳಿಯುವುದೂ ಕಷ್ಟ. ಮಣ್ಣು ನಮ್ಮ ಎರೆಯಂತೆಯೇ ಜಿಗುಟು, ನೀರು ಹೀರುವುದಿಲ್ಲ. ವಿನಿಪೆಗ್ ಎಂಬ ಹೆಸರೇ ಅಲ್ಲಿಯ ಮೂಲ ಜನರ ಕ್ರೀ ಭಾಷೆಯ ಮಾತು. ಅರ್ಥ, ಕೆಸರುನೀರು. ಹೆಸರಿಟ್ಟವರು ಎಚ್ಚರಿಕೆ ಕೊಟ್ಟೇ ಇಟ್ಟಿದ್ದರು ಎನಿಸುತ್ತದೆ.

ಎಚ್ಚರಿಕೆ ಕೇಳಿದವರು ಕಡಿಮೆ. 1812ರಲ್ಲಿ ಸ್ಕಾಟ್ಲೆಂಡಿನ ಬಡ ಒಕ್ಕಲುಗಳು ಬಂದು ಈ ದಂಡೆಗೆ ನೆಲೆ ನಿಂತರು. ಹೊಳೆಗೆ ತಾಗಿ ಸಣ್ಣ ಸಣ್ಣ ಮರದ ಮನೆ, ಹಿಂದೆ ಪಟ್ಟೆ ಪಟ್ಟೆಯಾಗಿ ಹೊಲ. 1826ರ ಮೇ ತಿಂಗಳಲ್ಲಿ ಹೊಳೆ ಬಂತು. ಅಲೆಕ್ಸಾಂಡರ್ ರಾಸ್ ಎಂಬಾತ ಅದನ್ನು ಕಣ್ಣಾರೆ ಕಂಡು, ಆಮೇಲೆ ತನ್ನ ಪುಸ್ತಕದಲ್ಲಿ ಬರೆದ. ಮಂಜು ಒಡೆಯುವ ಹಿಂದಿನ ದಿನ ಇಪ್ಪತ್ನಾಲ್ಕು ತಾಸಿನಲ್ಲಿ ನೀರು ಒಂಬತ್ತು ಅಡಿ ಏರಿತಂತೆ. ಮನೆಗಳು ಇಡಿಯಾಗಿ ತೇಲಿಹೋದವು, ಮೇಲೆ ನಾಯಿ, ಬೆಕ್ಕು, ಕೋಳಿ ಕುಳಿತ ಹಾಗೆಯೇ. ಒಂದು ರಾತ್ರಿ ಅರ್ಧ ನೀರಲ್ಲಿ ಮುಳುಗಿದ, ಉಳಿದರ್ಧ ಧಗಧಗ ಉರಿಯುವ ಮನೆಯೊಂದು ತೇಲುತ್ತ ಹೋಯಿತೆಂದು ಅವನು ಬರೆದಿದ್ದಾನೆ. ಒಲೆಯಲ್ಲಿ ಬೆಂಕಿ ಇಟ್ಟು ಓಡಿದವಳು ಯಾವ ಹೆಂಗಸೋ ಎಂದು ನಾನು ಬಹಳ ಹೊತ್ತು ಯೋಚಿಸಿದೆ. ರಾಸ್ ಅದನ್ನು ಬರೆಯಲಿಲ್ಲ. ಈ ಹೊಳೆಯ ಲೆಕ್ಕದಲ್ಲಿರುವ ಪ್ರವಾಹಗಳಲ್ಲಿ ಇಂದಿಗೂ ಅದೇ ದೊಡ್ಡದು. ಸ್ವಿಸ್ ಕುಟುಂಬಗಳು ಈ ನೆಲದ ಸಹವಾಸವೇ ಸಾಕೆಂದು ದಕ್ಷಿಣಕ್ಕೆ ಅಮೆರಿಕದ ಕಡೆ ಹೊರಟುಹೋದವು. ಸ್ಕಾಟರು ನೀರಿಳಿದ ಮೇಲೆ ಅದೇ ಜಾಗದಲ್ಲಿ ಮತ್ತೆ ಮನೆ ಕಟ್ಟಿದರು.

1852ರಲ್ಲಿ ಮತ್ತೊಮ್ಮೆ ಬಂತು, 1861ರಲ್ಲಿ ಇನ್ನೊಮ್ಮೆ. ಆಮೇಲೆ ಹೊಳೆ ಸುಮ್ಮನಾಯಿತು. ಸುಮ್ಮನಿರುವ ಹೊಳೆಯಷ್ಟು ಅಪಾಯದ್ದು ಇನ್ನೊಂದಿಲ್ಲವೇನೋ. ಕೆನಡಾದ ಉದ್ದಕ್ಕೂ ರೈಲುದಾರಿ ಹಾಕುವ ಕಾಲ ಬಂದಾಗ ಸ್ಯಾಂಡ್‌ಫರ್ಡ್ ಫ್ಲೆಮಿಂಗ್ ಎಂಬ ಇಂಜಿನಿಯರು ಹಳೆಯ ಪ್ರವಾಹಗಳ ಲೆಕ್ಕ ತೆಗೆದು, ವಿನಿಪೆಗ್ ಬೇಡ, ಉತ್ತರಕ್ಕೆ ಸೆಲ್ಕರ್ಕ್ ಬಳಿ ದಂಡೆ ಎತ್ತರವಿದೆ, ಅಲ್ಲಿ ಹೊಳೆ ದಾಟೋಣ ಎಂದ. ವಿನಿಪೆಗ್ ವರ್ತಕರು ಬಿಟ್ಟಾರೆಯೇ? ಸೇತುವೆ ಕಟ್ಟಿಕೊಡುತ್ತೇವೆ, ತೆರಿಗೆ ಬೇಡ, ಮೇಲೆ ದುಡ್ಡನ್ನೂ ಕೊಡುತ್ತೇವೆ ಎಂದು ರೈಲು ಕಂಪನಿಯನ್ನು ಒಲಿಸಿಕೊಂಡರು. 1881ರಲ್ಲಿ ರೈಲು ವಿನಿಪೆಗ್‌ಗೇ ಎಂದು ಗಟ್ಟಿಯಾಯಿತು. ರೈಲಿನ ಬೆನ್ನಿಗೆ ಪೇಟೆ ಬಂತು, ಪೇಟೆಯ ಬೆನ್ನಿಗೆ ಲಕ್ಷಗಟ್ಟಲೆ ಜನ. ಮಹಾಪೂರವನ್ನು ಕಂಡವರೆಲ್ಲ ಒಬ್ಬೊಬ್ಬರಾಗಿ ಮಣ್ಣಾದರು.

ಇಷ್ಟು ಓದುವುದರೊಳಗೆ ಏಪ್ರಿಲ್ ಬಂತು, ಮೊಮ್ಮಗಳೂ ಬಂದಳು. ನಮ್ಮಲ್ಲಿ ಏಪ್ರಿಲ್ ಎಂದರೆ ಮಾವಿನಕಾಯಿ, ಅಲ್ಲಿ ಹಿಮದ ಬಿರುಗಾಳಿ! ಆ ತಿಂಗಳು ಒಂದರ ಹಿಂದೊಂದು ಮೂರು ಬಂದವು. ಬಾಗಿಲು ತೆರೆದರೆ ಎದೆಮಟ್ಟ ಬಿಳುಪು. ನಾನು ಕೂಸಿಗೆ ಎಣ್ಣೆ ತೀಡುತ್ತ ಕಿಟಕಿಯಾಚೆ ನೋಡುತ್ತಿದ್ದೆ. ಇಷ್ಟೆಲ್ಲ ಕರಗಿ ಎಲ್ಲಿಗೆ ಹೋಗಬೇಕು?

ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಳು. ಫ್ರೆಂಚ್ ಮಾತಾಡುವ ಪೈಕಿ, ಎಂಬತ್ತರ ಹತ್ತಿರದ ವಯಸ್ಸು. ಕೂಸು ನೋಡಲು ತಾನೇ ಹೆಣೆದ ಟೊಪ್ಪಿಗೆ ತಂದಳು. ನನ್ನ ಇಂಗ್ಲಿಷೂ ಅವಳ ಇಂಗ್ಲಿಷೂ ಒಂದೇ ತೂಕದ್ದಾದ್ದರಿಂದ ಗೆಳೆತನ ಬೇಗ ಕೂಡಿತು. ನಾನು ಹೊಳೆಯ ಮಾತೆತ್ತಿದೆ. ಅಜ್ಜಿ ಚಹಾದ ಕಪ್ಪು ಕೆಳಗಿಟ್ಟು, "ಯಾವ ವರ್ಷದ್ದು ಹೇಳಲಿ?" ಎಂದಳು.

ಅವಳ ಮೊದಲ ಹೊಳೆ 1950ರದು. ಆಗ ಅವಳಿಗೆ ಏಳು ವರ್ಷ. ಆ ವಸಂತದಲ್ಲಿ ಮಳೆ ಹಿಮ ಬಿಡದೆ ಸುರಿದವು. ಮೇ 5ರ ಶುಕ್ರವಾರ ರಾತ್ರಿ ವಿನಿಪೆಗ್‌ನಲ್ಲಿ ಒಡ್ಡುಗಳು ಒಂದಾದ ಮೇಲೊಂದು ಒಡೆದವು. ಜೇಮ್ಸ್ ಅವೆನ್ಯೂ ಎಂಬಲ್ಲಿಯ ಅಳತೆಗೋಲಿನಲ್ಲಿ ಚಳಿಗಾಲದ ಮಂಜಿನ ಮಟ್ಟವನ್ನು ಸೊನ್ನೆಯೆಂದು ಹಿಡಿದು ನೀರಳೆಯುತ್ತಾರೆ. ಅದು 30.3 ಅಡಿಗೆ ಏರಿತ್ತು. ಸುಮಾರು ಒಂದು ಲಕ್ಷ ಜನ ಊರು ಬಿಟ್ಟರು. ಹೆಚ್ಚಾಗಿ ಹೆಂಗಸರು, ಮಕ್ಕಳು. ಗಂಡಸರು ಮರಳಚೀಲ ಹೊರಲು ಉಳಿದರು. ಅಜ್ಜಿಯನ್ನೂ ಅವಳ ತಾಯಿಯನ್ನೂ ರೈಲು ಹತ್ತಿಸಿ ದೂರದ ಚಿಕ್ಕಮ್ಮನ ಮನೆಗೆ ಕಳಿಸಿದರು. ತಿರುಗಿ ಬಂದಾಗ ತಾಯಿ ಗೋಡೆ ಕೆರೆಯುತ್ತ ಕೆರೆಯುತ್ತ ಅತ್ತಳಂತೆ. "ನೀರಿಗಲ್ಲ, ವಾಸನೆಗೆ" ಎಂದಳು ಅಜ್ಜಿ. ನನಗೆ ಅನುವಾದ ಬೇಕಾಗಲಿಲ್ಲ. ಹೊಳೆ ಹೊಕ್ಕು ಹೋದ ಮನೆಯ ವಾಸನೆ ಮಲಪ್ರಭೆಯದಾದರೇನು, ರೆಡ್ ರಿವರಿನದಾದರೇನು.

ಆ ಪ್ರವಾಹದ ಮೇಲೆ ಡಫ್ ರಾಬ್ಲಿನ್ ಎಂಬ ಮುಖಂಡ, ಊರನ್ನು ಸುತ್ತಿಕೊಂಡು ಹೋಗುವ ಒಂದು ಕಾಲುವೆ ತೋಡೋಣವೆಂದು ಹಟ ಹಿಡಿದ. 1958ರಲ್ಲಿ ಪ್ರಾಂತದ ಮುಖ್ಯಮಂತ್ರಿಯೂ ಆದ. ಇಷ್ಟು ದುಡ್ಡು ಹಾಕಿ ಒಣ ಹಳ್ಳ ತೋಡುತ್ತಾನೆಂದು ಜನ ನಕ್ಕು, ಅದಕ್ಕೆ 'ಡಫ್‌ನ ಚರಂಡಿ' ಎಂದು ಹೆಸರಿಟ್ಟರು. 1962ರಲ್ಲಿ ಕೆಲಸ ಹಿಡಿದು 1968ರಲ್ಲಿ ಮುಗಿಸಿದರು. 47 ಕಿಲೋಮೀಟರ್ ಉದ್ದ, 6 ಕೋಟಿ 30 ಲಕ್ಷ ಡಾಲರ್ ಖರ್ಚು. ಅಂದಿನಿಂದ ಮೂವತ್ತಕ್ಕೂ ಹೆಚ್ಚು ಸಲ ಆ ಚರಂಡಿ ಊರನ್ನು ಕಾದಿದೆ. ಈಗ ಯಾರೂ ನಗುವುದಿಲ್ಲ. ಹೆಸರು ಮಾತ್ರ ಉಳಿದುಕೊಂಡಿದೆ, ಅಕ್ಕರೆಯಿಂದ.

ಮೇ ತಿಂಗಳ ಮೊದಲ ಭಾನುವಾರ ಅಳಿಯ ನನ್ನನ್ನು ಅದನ್ನು ನೋಡಲು ಕರೆದುಕೊಂಡು ಹೋದ. ಸೇಂಟ್ ನಾರ್ಬರ್ಟ್ ಎಂಬಲ್ಲಿ ಹೊಳೆಯ ತಳದಲ್ಲಿ ಎರಡು ಭಾರಿ ಉಕ್ಕಿನ ಬಾಗಿಲುಗಳಿವೆ. ಉಳಿದ ದಿನ ನೀರೊಳಗೆ ಮಲಗಿರುತ್ತವೆ. ಪೂರ ಬಂದಾಗ ಎಬ್ಬಿಸಿದರೆ ಹೊಳೆ ತಡೆದು ನಿಂತು, ಹೆಚ್ಚಿನ ನೀರು ಪಕ್ಕದ ಕಾಲುವೆಗೆ ತಿರುಗಿ, ಊರ ಹೊರಗಿಂದ ಸುತ್ತಿ, ಉತ್ತರಕ್ಕೆ ಮತ್ತೆ ಹೊಳೆಗೇ ಕೂಡುತ್ತದೆ. ಅಂದು ಬಾಗಿಲು ಎದ್ದಿದ್ದವು. ಕಾಲುವೆಯ ತುಂಬ ಕಂದು ನೀರು, ನಡುನಡುವೆ ಮರದ ಬೊಡ್ಡೆ. ಸದ್ದೇ ಇಲ್ಲ! ನಮ್ಮ ಹೊಳೆ ಬರುವಾಗ ಮೊರೆಯುತ್ತ ಬರುತ್ತದೆ, ಓಡಿರಿ ಎಂದಾದರೂ ಹೇಳುತ್ತದೆ. ಇದು ಬೆಕ್ಕಿನ ಹೆಜ್ಜೆಯದು.

ನಾನು ಅಳಿಯನನ್ನು ಕೇಳಿದೆ: "ನೀವು ನೋಡಿದ ಮನೆ ಈ ಬಾಗಿಲಿನ ಒಳಗೋ ಹೊರಗೋ?"

ಅವನು ಸ್ವಲ್ಪ ತಡೆದು, "ಹೊರಗೆ" ಎಂದ.

ಅಗ್ಗ ಯಾಕೆಂದು ಆಗ ನನಗೆ ತಿಳಿಯಿತು. ಒಳ್ಳೆಯ ಹುಡುಗ ಅವನು, ಲೆಕ್ಕ ಎಲ್ಲವನ್ನೂ ಮಾಡಿದ್ದ. ಆ ಬಯಲಿನಲ್ಲಿ ಹೊಸ ಮನೆ ಕಟ್ಟುವವರು 1997ರ ನೀರಿನ ಮಟ್ಟಕ್ಕಿಂತ ಎರಡು ಅಡಿ ಮೇಲೆ ದಿಬ್ಬ ಹಾಕಿ ಕಟ್ಟಬೇಕೆಂದು ಕಾನೂನಿದೆಯಂತೆ, ಈ ಮನೆಗೂ ದಿಬ್ಬವಿದೆಯಂತೆ. ಕಾರಿನಿಂದ ನೋಡಿದರೆ ಬಯಲಿನಲ್ಲಿ ಅಲ್ಲೊಂದು ಇಲ್ಲೊಂದು ಮನೆ ಮಣ್ಣಿನ ಗುಪ್ಪೆಯ ಮೇಲೆ ಕೋಳಿ ಕಾವು ಕೂತ ಹಾಗೆ ಕೂತಿದ್ದವು. ಮುಂದೆ ಮಾರಿಸ್ ಎಂಬ ಊರಿನ ಬಳಿ ಹೆದ್ದಾರಿಯನ್ನೇ ಮುಚ್ಚಿದ್ದರು, ನೀರು ಹಾಯುತ್ತಿತ್ತು. ನಾವು ಹಿಂದಿರುಗಿದೆವು.

ಆ ಸಂಜೆ ಅಜ್ಜಿಯ ಬಳಿ 1997ನ್ನು ಕೇಳಿದೆ. ಆಗ ಅವಳು ಗಂಡನೊಡನೆ ಸೇಂಟ್ ಅಗಾಥ್ ಎಂಬ ಹಳ್ಳಿಯಲ್ಲಿದ್ದಳು, ಬಾಗಿಲಿನ ಹೊರಗೆ, ದಕ್ಷಿಣಕ್ಕೆ. ಅಲ್ಲಿಗೆ ನೀರು ಬರುವ ಹತ್ತು ದಿನ ಮೊದಲೇ ಅಮೆರಿಕದ ಗ್ರ್ಯಾಂಡ್ ಫೋರ್ಕ್ಸ್ ಮುಳುಗಿತ್ತು. ಅದರ ಕಥೆಯನ್ನು ನಾನು ಲೈಬ್ರರಿಯಲ್ಲಿ ಓದಿದ್ದೆ, ಓದಿದ ರಾತ್ರಿ ನಿದ್ದೆ ಬಂದಿರಲಿಲ್ಲ. ಆ ಚಳಿಗಾಲ ಎಂಟು ಹಿಮಬಿರುಗಾಳಿ ಬಂದಿದ್ದವು. ಹವಾಮಾನದವರು ಫೆಬ್ರುವರಿಯಿಂದಲೇ ಹೊಳೆ 49 ಅಡಿ ಬಂದೀತು ಎಂದು ಹೇಳಿದ್ದರು. 1979ರಲ್ಲಿ 48.8 ಅಡಿ ಬಂದು ಹೋದದ್ದು ಎಲ್ಲರಿಗೂ ನೆನಪಿತ್ತು. ಹಾಗಾದರೆ ಇನ್ನೆರಡು ಇಂಚು ಅಷ್ಟೇ ತಾನೆ? ಜನ 52 ಅಡಿಗೆ ಒಡ್ಡು ಹಾಕಿ ನೆಮ್ಮದಿಯಾದರು. ಹೊಳೆ 54.35 ಅಡಿ ಏರಿತು. ಏಪ್ರಿಲ್ 18, 19ರಂದು ಒಡ್ಡುಗಳು ಹೋದವು, ಊರಿನ ಸುಮಾರು ಐವತ್ತು ಸಾವಿರ ಜನರಲ್ಲಿ ಹೆಚ್ಚುಕಡಿಮೆ ಎಲ್ಲರೂ ಮನೆ ಬಿಟ್ಟರು. ಅದರ ಮೇಲೆ ನಡುಪೇಟೆಗೆ ಬೆಂಕಿ ಬಿದ್ದು ಹನ್ನೊಂದು ಕಟ್ಟಡ ಉರಿದವು. ಸುತ್ತ ನಾಲ್ಕಡಿ ನೀರು, ನಡುವೆ ಬೆಂಕಿ. ರಾಸ್ ಕಂಡ ಆ ತೇಲುವ ಮನೆಯೇ ಇಡೀ ಪೇಟೆಯಾಗಿ ಮತ್ತೆ ಬಂದಂತೆ. ಊರಿನ ಪತ್ರಿಕೆ ಗ್ರ್ಯಾಂಡ್ ಫೋರ್ಕ್ಸ್ ಹೆರಾಲ್ಡ್‌ನ ಕಟ್ಟಡವೂ ಸುಟ್ಟಿತು. ಆದರೂ ಮ್ಯಾನ್‌ವೆಲ್ ಎಂಬ ಹಳ್ಳಿಯ ಶಾಲೆಯಲ್ಲಿ ಕುಳಿತು ಒಂದು ದಿನವೂ ತಪ್ಪದೆ ಪತ್ರಿಕೆ ತಂದರು, ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಇನ್ನೊಂದು ಮಾತು ನನಗೆ ಹಿಡಿಸಿತು. ಹೆಸರು ಹೇಳದ ಯಾರೋ ಒಬ್ಬರು ಮನೆಗೆ ಎರಡು ಸಾವಿರ ಡಾಲರಿನಂತೆ ಹಂಚಿಸಿದರು, ಜನ ಅವರನ್ನು ದೇವತೆ ಎಂದು ಕರೆದರು. ಆಮೇಲೆ ತಿಳಿಯಿತು, ಆಕೆ ಜೋನ್ ಕ್ರಾಕ್, ಮೆಕ್‌ಡೊನಾಲ್ಡ್ಸ್ ಹೋಟೆಲುಗಳ ಧಣಿಯ ವಿಧವೆ.

ಅಜ್ಜಿ ಹೇಳಿದ್ದು ಇದಕ್ಕಿಂತ ಸಣ್ಣ ಕಥೆ. ಐನೂರು ಜನರ ಹಳ್ಳಿ ಅವರದು. ಎಲ್ಲರೂ ಸೇರಿ ಹೊಳೆಯ ಕಡೆಗೆ ಒಡ್ಡು ಎತ್ತರಿಸಿದರು. ಹೆಂಗಸರು ಸ್ಯಾಂಡ್‌ವಿಚ್ ಕಟ್ಟಿದರು, ಮರಳು ತುಂಬಿದರು. ಏಪ್ರಿಲ್ 29ರಂದು ನೀರು ಬಂದದ್ದು ಹೊಳೆಯಿಂದಲ್ಲ, ಹಿಂದಿನಿಂದ, ಪಶ್ಚಿಮದ ಹೊಲಗಳ ಮೇಲಿಂದ. "ನಾವೆಲ್ಲ ಹೊಳೆಗೇ ಕಣ್ಣಿಟ್ಟು ಕೂತಿದ್ದೆವು" ಎಂದಳು. ಅವಳ ಮದುವೆಯ ಫೋಟೋಗಳು, ಮಕ್ಕಳ ಮೊದಲ ಅಂಗಿಗಳು ಎಲ್ಲ ನೆಲಮನೆಯಲ್ಲಿದ್ದವು. ಅಲ್ಲಿಯವರಿಗೆ ಬೆಲೆಬಾಳುವುದನ್ನೆಲ್ಲ ನೆಲದ ಕೆಳಗಿನ ಕೋಣೆಯಲ್ಲಿಡುವ ರೂಢಿ. ಆ ವರ್ಷ ಮ್ಯಾನಿಟೋಬಾದಲ್ಲಿ ಇಪ್ಪತ್ತೈದು ಸಾವಿರಕ್ಕೂ ಮೇಲೆ ಜನ ಮನೆ ಬಿಟ್ಟರು. ಬಯಲಿನ ಮೇಲೆ ನಿಂತ ನೀರಿಗೆ ಜನ ಕೆಂಪು ಸಮುದ್ರವೆಂದರು. ಊರಿನ ಪಶ್ಚಿಮಕ್ಕೆ ಸೈನ್ಯದವರೂ ಊರವರೂ ಹಗಲುರಾತ್ರಿ ದುಡಿದು ನಲವತ್ತು ಕಿಲೋಮೀಟರಿಗೂ ಉದ್ದದ ಒಡ್ಡನ್ನು ಕೆಲವೇ ದಿನಗಳಲ್ಲಿ ಎಬ್ಬಿಸಿದರು. ವಿನಿಪೆಗ್ ಉಳಿಯಿತು. ಜೇಮ್ಸ್ ಅವೆನ್ಯೂದಲ್ಲಿ ನೀರು 24.5 ಅಡಿಗೇ ನಿಂತಿತು. ಕಾಲುವೆ ಇರದಿದ್ದರೆ ಇನ್ನೂ ಹತ್ತು ಅಡಿ ಏರುತ್ತಿತ್ತಂತೆ.

"ಊರು ಉಳಿಯಿತು, ಒಳ್ಳೆಯದೇ ಆಯಿತು. ನನ್ನ ಅಕ್ಕನೂ ಊರೊಳಗೇ ಇದ್ದಳು" ಎಂದಳು ಅಜ್ಜಿ. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬಾಗಿಲಿನ ಹೊರಗಿದ್ದ ಗ್ರಾಂಡ್ ಪಾಯಿಂಟ್ ಎಂಬ ಹಳ್ಳಿಯವರಂತೂ, ಊರನ್ನು ಉಳಿಸಲು ಬಾಗಿಲೆತ್ತಿದ್ದರಿಂದಲೇ ನಮ್ಮ ಮನೆ ಮುಳುಗಿದವು ಎಂದು ದೂರಿದರು. ಅಂಥವರಿಗೆ ಪರಿಹಾರ ಕೊಡಬೇಕೆಂಬ ಕಾನೂನು 2004ರಲ್ಲಿ ಬಂತು. ಕಾಲುವೆಯನ್ನೂ ಅಗಲಿಸಿದರು. ಸೇಂಟ್ ಅಗಾಥ್‌ಗೆ ಸುತ್ತಲೂ ಬಳೆಯಂತೆ ಒಡ್ಡು ಬಂತು. ಆದರೆ ಅಜ್ಜಿ ಮತ್ತೆ ಅಲ್ಲಿಗೆ ಹೋಗಲಿಲ್ಲ. ಗಂಡ ತೀರಿದ ಮೇಲೆ ಮನೆ ಮಾರಿ ಬಾಗಿಲಿನ ಒಳಗೆ ಬಂದಳು.

ಆ ರಾತ್ರಿ ಮಗಳಿಗೆ ಸೊಂಟಕ್ಕೆ ಪಟ್ಟಿ ಕಟ್ಟುತ್ತ ನಾನು ಎಲ್ಲವನ್ನೂ ಹೇಳಿದೆ. ನಮ್ಮವ್ವನ ಫೋಟೋದ ಮಾತನ್ನೂ ಹೇಳಿದೆ. ಅದು ಹೊಳೆಗೆ ಹೋಯಿತೆಂದು ಅವಳಿಗೆ ಗೊತ್ತೇ ಇರಲಿಲ್ಲ, ಅಣ್ಣನ ಮನೆಯಲ್ಲಿದೆ ಎಂದುಕೊಂಡಿದ್ದಳು. ನಾನೇ ಹೇಳಿರಲಿಲ್ಲ. ದೂರ ಇರುವ ಮಕ್ಕಳಿಗೆ ಯಾಕೆ ಸಂಕಟ ಎಂದು ಮುಚ್ಚಿಟ್ಟಿದ್ದೆ. ಅವಳಿಗೆ ಸಿಟ್ಟು ಬಂತು. "ಮನಿ ಬಿದ್ದದ್ದಷ್ಟs ಹೇಳಿದಿ, ಇದನ್ಯಾಕ ಹೇಳಲಿಲ್ಲ? ನೀ ಹೇಳದs ಇದ್ರ ನಂಗ ಹೆಂಗ ಗೊತ್ತಾಗಬೇಕವ್ವ?" ಎಂದಳು. ನಾನು ಉತ್ತರ ಕೊಡಲಿಲ್ಲ. ಕೂಸು ಎದ್ದು ಅತ್ತಿತು, ಇಬ್ಬರಿಗೂ ಕೆಲಸ ಸಿಕ್ಕಿತು.

ಮನೆಯ ಮಾತು ಮತ್ತೆ ಒಂದು ತಿಂಗಳು ನಡೆಯಿತು. ಅಳಿಯನದು ಲೆಕ್ಕದ ವಾದ, ದಿಬ್ಬವಿದೆ, ಎರಡು ಅಡಿ ಹೆಚ್ಚಿದೆ ಎಂದು. ನಾನು 49 ಅಡಿಯ ಕಥೆ ಹೇಳಿದೆ. ಅವನು, "ಹಾಗೆ ನೋಡಿದರೆ 1826ರ ನೀರು ಬಂದರೆ ಯಾವ ದಿಬ್ಬವೂ ಸಾಲದು, ಅತ್ತೆ" ಎಂದ. ಅದೂ ನಿಜವೇ. ಕೊನೆಗೆ ತೀರ್ಮಾನ ಮಾಡಿದವಳು ಮಗಳು. ಜೂನಿನಲ್ಲಿ ನೀರಿಳಿದ ಮೇಲೆ ಇಬ್ಬರೂ ಹೋಗಿ ಮಾರುವವರನ್ನೇ ಕೇಳಿದರಂತೆ, ಮೇ ತಿಂಗಳಲ್ಲಿ ರಸ್ತೆ ಎಷ್ಟು ದಿನ ಮುಚ್ಚಿತ್ತು, ದಿಬ್ಬದಿಂದ ಕೆಳಗಿಳಿಯುವುದು ಹೇಗೆ, ರಾತ್ರಿ ಕೂಸಿಗೆ ಜ್ವರ ಬಂದರೆ ಆಸ್ಪತ್ರೆಗೆ ಯಾವ ದಾರಿ ಎಂದು. ದೊಡ್ಡ ನೀರಿನ ವರ್ಷ ದೋಣಿ ಎಂದರಂತೆ ಅವರು, ನಗುತ್ತ. ಸೇಬಿನ ಗಿಡಗಳು ಹೂ ಬಿಟ್ಟಿದ್ದವು ಎಂದು ಬಂದು ಹೇಳಿದಳು ಮಗಳು. ಅವಳ ಕಣ್ಣು ತುಂಬಿದ್ದವು.

ಊರೊಳಗೆ ಒಂದು ಸಣ್ಣ ಮನೆ ಕೊಂಡರು. ಹಿತ್ತಲಿಲ್ಲ, ಕಿಟಕಿ ತೆರೆದರೆ ಎದುರು ಮನೆಯ ಗೋಡೆ. ನನ್ನಿಂದಲೇ ಆ ಹೊಳೆಯ ಮನೆ ತಪ್ಪಿತೆಂದು ಅಳಿಯನ ಮನಸ್ಸಿನಲ್ಲಿದೆಯೋ ಏನೋ, ಹೇಳಿಲ್ಲ.

ನಾನು ಧಾರವಾಡಕ್ಕೆ ಮರಳಿದೆ. ಈಗಲೂ ಏಪ್ರಿಲ್ ಬಂತೆಂದರೆ, ಉಪ್ಪಿನಕಾಯಿಗೆ ಮಾವು ಹೆಚ್ಚುತ್ತ ಕೂತಾಗ ಫೋನು ಮಾಡಿ, "ಜೇಮ್ಸ್ ಅವೆನ್ಯೂದಾಗ ಎಷ್ಟೈತಿ?" ಎಂದು ಕೇಳುತ್ತೇನೆ. ಮಗಳು ನಗುತ್ತಾಳೆ, ಆದರೆ ಅಡಿ ಲೆಕ್ಕ ಅವಳಿಗೆ ಬಾಯಲ್ಲೇ ಇರುತ್ತದೆ. ಹೋದ ಸಲ ಒಂದು ಫೋಟೋ ಕಳಿಸಿದಳು. ಮೇಲಿನ ಮಹಡಿ, ಕಪಾಟಿನ ತುದಿಯ ಹಲಗೆ. ಅಲ್ಲಿ ಅವಳ ಮದುವೆಯ ಆಲ್ಬಮ್ಮು, ಮೊಮ್ಮಗಳ ಮೊದಲ ಅಂಗಿ, ಅಜ್ಜಿ ಹೆಣೆದ ಟೊಪ್ಪಿಗೆ. ಪಕ್ಕಕ್ಕೆ ನನ್ನ ಲೋಬಾನದ ಗಂಟು.